ಸ್ನೇಹವೂ ಉಳಿಯಬೇಕು, ಸಾಲವೂ ತೀರಬೇಕು



'ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ' ಎಂಬ ಗಾದೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಗೆಳೆಯನಿಗೆ ಕೈಗಡ ಕೊಟ್ಟವನಿಗೆ ವಾಪಸ್ ಕೇಳೋಕೆ ಸಂಕೋಚ. ತಗೊಂಡವನು ಅವನನ್ನು ದೂರದಲ್ಲಿ ಕಂಡರೆ ಬೇರೆ ದಾರಿ ಹಿಡಿಯುತ್ತಾನೆ. ಕೊನೆಗೆ ಹಣವೂ ಹೋಯ್ತು, ಮಾತುಕತೆಯೂ ನಿಂತುಹೋಯ್ತು. ಸಹಕಾರ ಚಳವಳಿಯನ್ನು ನಾವು ಬಡ್ಡಿ, ಗೊಬ್ಬರ, ಬೆಳೆಸಾಲಗಳ ಚರಿತ್ರೆ ಎಂದು ಓದುತ್ತೇವೆ. ಆದರೆ ಪರಿಚಿತರು ತಮ್ಮೊಳಗೆ ಹಣದ ವ್ಯವಹಾರ ಮಾಡಿಯೂ ಮುಖ ಕೆಡಿಸಿಕೊಳ್ಳದೆ ಬಾಳುವ ದಾರಿ ಹುಡುಕಿದ ಚರಿತ್ರೆಯೂ ಅದೇ ಆಗಿದೆ.

ನಮ್ಮ ಹಿರಿಯರಿಗೆ ಈ ದಾರಿ ತಿಳಿಯದೆ ಇರಲಿಲ್ಲ. ನಾಟಿಗೆ ಮುಯ್ಯಾಳಾಗಿ ಹೋದರೆ ಅಷ್ಟೇ ದಿನ ಆ ಮನೆಯವರು ನಮ್ಮ ಗದ್ದೆಗೆ ಬರಬೇಕು. ಮದುವೆಯಲ್ಲಿ ಮುಯ್ಯಿ ಹಾಕಿದರೆ ಚಪ್ಪರದ ಕೆಳಗೆ ಕೂತವರು ಹೆಸರು, ಮೊತ್ತ ಎರಡನ್ನೂ ಬರೆದುಕೊಳ್ಳುತ್ತಾರೆ. ಬರೆದರು ಅಂತ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಎಲ್ಲರ ಎದುರು ಬರೆದದ್ದರಿಂದ ಬಾಯಿಬಿಟ್ಟು ಕೇಳುವ ಪ್ರಸಂಗ ಬರುವುದಿಲ್ಲ.

ಸಾಹುಕಾರನ ಲೆಕ್ಕವೂ ಬರಹದಲ್ಲೇ ಇತ್ತು. ಆದರೆ ಬರೆಯುವವನು ಅವನು, ಹೆಬ್ಬೆಟ್ಟು ಒತ್ತುವವನು ರೈತ. ಪುಸ್ತಕ ತೆರೆಯುವ ಹಕ್ಕು ಒಬ್ಬನದೇ. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ದಂಗೆ ಎದ್ದರು. ಸುತ್ತಮುತ್ತಲ ಊರುಗಳಿಗೂ ಹಬ್ಬಿದ ಈ ದಂಗೆಯಲ್ಲಿ ಸಾಲಪತ್ರಗಳನ್ನೇ ಹುಡುಕಿ ಸುಟ್ಟರು. ಅಂದರೆ ಬರಹ ಇದ್ದರೆ ಸಾಲದು, ಅದು ಇಬ್ಬರಿಗೂ ಕಾಣುವಂತೆ ಇರಬೇಕು.

ಇಂಗ್ಲೆಂಡಿನ ರಾಚ್‌ಡೇಲ್ ಊರಿನ ಕತೆ ಬೇರೆ. 1833ರಲ್ಲಿ ಅಲ್ಲಿನ ಕೆಲಸಗಾರರು ಒಂದು ಅಂಗಡಿ ತೆರೆದರು. ತಮ್ಮವರೇ ಅಂತ ಉದ್ರಿ ಕೊಟ್ಟು ಎರಡೇ ವರ್ಷಕ್ಕೆ ಮುಚ್ಚಿದರು. 1844ರ ಡಿಸೆಂಬರ್ 21ರಂದು ಅದೇ ಊರಿನಲ್ಲಿ ಮತ್ತೆ ಅಂಗಡಿ ತೆರೆದಾಗ, ಸದಸ್ಯನೇ ಬಂದರೂ ನಗದು ಎಂಬ ನಿಯಮ ಇಟ್ಟರು. ನಿಯಮ ಎಲ್ಲರಿಗೂ ಒಂದೇ ಆದಾಗ 'ನನಗೆ ಮಾತ್ರ ಇಲ್ಲ ಅಂದ್ರು' ಎಂಬ ಮನಸ್ತಾಪಕ್ಕೆ ಎಡೆ ಎಲ್ಲಿ?

ಆದರೆ ರೈತನಿಗೆ ಸಾಲವಿಲ್ಲದೆ ನಡೆಯುವುದಿಲ್ಲ. ಬಿತ್ತನೆ ಈಗ, ಕೈಗೆ ಕಾಸು ಸುಗ್ಗಿಗೆ. ಈ ತೊಡಕಿಗೆ ದಾರಿ ತೋರಿಸಿದವರು ಜರ್ಮನಿಯ ಫ್ರೆಡ್ರಿಕ್ ವಿಲ್‌ಹೆಲ್ಮ್ ರೈಫೈಸನ್. ಮೊದಲು ಉಳ್ಳವರ ದಾನದಿಂದ ಬಡವರಿಗೆ ನೆರವಾಗಲು ನೋಡಿದರು. ಅದು ಬಹಳ ಕಾಲ ನಡೆಯದೆಂದು ಕಂಡು 1864ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ಸಾಲ ಸಂಘ ಕಟ್ಟಿದರು. ಒಬ್ಬರನ್ನೊಬ್ಬರು ಬಲ್ಲ ಊರಿನವರೇ ಸದಸ್ಯರು, ಸಾಲಕ್ಕೆ ಎಲ್ಲರೂ ಹೊಣೆ. ಮದರಾಸು ಸರ್ಕಾರದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ 1895 ಮತ್ತು 1897ರ ತಮ್ಮ ವರದಿಗಳಲ್ಲಿ ಇದೇ ಮಾದರಿಯನ್ನು ಎತ್ತಿ ಹೇಳಿದರು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು.

ಆ ಕಾಯ್ದೆಯ ಪ್ರಕಾರ ಒಂದೇ ಊರಿನ ಅಥವಾ ಅಕ್ಕಪಕ್ಕದ ಊರುಗಳ 10 ಜನ ಸೇರಿದರೆ ಸಂಘ ಕಟ್ಟಬಹುದಿತ್ತು. ಗ್ರಾಮಾಂತರ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಪ್ರತಿ ವರ್ಷ ಲೆಕ್ಕ ತಪಾಸಣೆ ಆಗಲೇಬೇಕು. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ, ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಹೆಸರಾದ ಸಂಘ ಹುಟ್ಟಿತು. ದಕ್ಷಿಣ ಕನ್ನಡದಲ್ಲಿ ಪುತ್ತೂರಿನ ಮೊಳಹಳ್ಳಿ ಶಿವರಾಯರು (1880–1967) ಸಹಕಾರವನ್ನು ಊರೂರಿಗೆ ಒಯ್ದರು.

ಇದರಿಂದ ಆದ ಉಪಕಾರ ಬಡ್ಡಿ ಇಳಿದದ್ದು ಒಂದೇ ಅಲ್ಲ. ಕೇಳುವವನು ಗೆಳೆಯನ ಮನೆ ಬಾಗಿಲಲ್ಲಿ ತಲೆ ತಗ್ಗಿಸಿ ನಿಲ್ಲಬೇಕಾಗಿಲ್ಲ, ಅರ್ಜಿ ಕೊಟ್ಟರಾಯ್ತು. ಇಲ್ಲ ಅನ್ನುವುದಿದ್ದರೆ ಆಡಳಿತ ಮಂಡಳಿ ಅನ್ನುತ್ತದೆ, ಗೆಳೆಯನಲ್ಲ. ವಾಯಿದೆ ಮುಗಿದಾಗ ನೋಟಿಸು ಬರುತ್ತದೆ, ನೆರೆಯವನು ಜಗಳಕ್ಕೆ ಬರುವುದಿಲ್ಲ. ಲೆಕ್ಕ ಮಹಾಸಭೆಯಲ್ಲಿ ಎಲ್ಲರ ಮುಂದೆ ಬರುತ್ತದೆ.

ಆದರೂ ದಾಕ್ಷಿಣ್ಯ ಒಂದು ಕಿಂಡಿಯಿಂದ ಒಳಗೆ ಬಂದೇ ಬರುತ್ತದೆ. ಅದೇ ಜಾಮೀನು. 'ಒಂದು ಸಹಿ ತಾನೇ, ಹಾಕಪ್ಪ' ಅಂತ ಗೆಳೆಯ ಅಂದರೆ ಎಷ್ಟೋ ಜನ ಓದದೆ ಸಹಿ ಹಾಕುತ್ತಾರೆ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮು ಹೇಳುವಂತೆ, ಬೇರೆ ಕರಾರು ಇಲ್ಲದಿದ್ದರೆ ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. ಸಾಲಗಾರ ಕೈ ಎತ್ತಿದರೆ ನೋಟಿಸು ಇವನ ಮನೆಗೂ ಬರುತ್ತದೆ. ಆದ್ದರಿಂದ ಸಹಿಗೆ ಮೊದಲು ಸಾಲ ಎಷ್ಟು, ಯಾತಕ್ಕೆ, ಯಾವ ಫಸಲಿನಿಂದ ತೀರಿಸ್ತೀಯ ಅಂತ ಕೇಳುವುದು ಮರ್ಯಾದೆಗೇಡಲ್ಲ. ಆಗದಿದ್ದರೆ ಆಗದು ಅಂತ ಅಂದೇ ಹೇಳುವುದೂ ಸ್ನೇಹವೇ. ಇತ್ತ ಸಾಲಗಾರನಿಗೂ ಒಂದು ಧರ್ಮವಿದೆ. ಮಳೆ ಕೈಕೊಟ್ಟು ಕಂತು ತಪ್ಪುವುದಾದರೆ, ನೋಟಿಸು ಬರುವ ಮೊದಲೇ ತಾನಾಗಿ ಹೋಗಿ ಜಾಮೀನುದಾರನಿಗೂ ಕಾರ್ಯದರ್ಶಿಗಳಿಗೂ ತಿಳಿಸಬೇಕು. ಹಣ ತಡವಾದರೂ ಮಾತು ತಡವಾಗಬಾರದು.

ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನಮ್ಮ ಲೆಕ್ಕದ ಪುಸ್ತಕ ಎಲ್ಲರಿಗೂ ತೆರೆದಿರಲಿ, ಒಬ್ಬರ ಮನೆ ಬಾಗಿಲು ಇನ್ನೊಬ್ಬರಿಗೆ ತೆರೆದೇ ಇರಲಿ ಎಂದು ಹಾರೈಸುತ್ತೇನೆ.