ಕಣ್ಣೀರಿಲ್ಲದ ಅಳು: ಮಕ್ಕಳ ಮೆಡ್ಯುಲರಿ ಥೈರಾಯ್ಡ್ ಕ್ಯಾನ್ಸರ್‌ನ ಮುನ್ಸೂಚನೆಗಳು

ಮಕ್ಕಳ ಥೈರಾಯ್ಡ್ ಕ್ಯಾನ್ಸರ್‌ಗಳಲ್ಲಿ ಬಹುಪಾಲು ಪ್ಯಾಪಿಲರಿ ಬಗೆಯವು. ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ಹಬ್ಬಿದ ಮೇಲೂ ಶಸ್ತ್ರಚಿಕಿತ್ಸೆ ಮತ್ತು ವಿಕಿರಣ ಅಯೋಡಿನ್‌ನಿಂದ ಹೆಚ್ಚಿನ ಮಕ್ಕಳು ಬದುಕುಳಿಯುತ್ತಾರೆ. ಅಪರೂಪದ ಮೆಡ್ಯುಲರಿ ಕ್ಯಾನ್ಸರ್ ಹಾಗಲ್ಲ. ಕ್ಯಾಲ್ಸಿಟೋನಿನ್ ಸ್ರವಿಸುವ ಸಿ-ಕೋಶಗಳಲ್ಲಿ ಅದು ಹುಟ್ಟುತ್ತದೆ; ಆ ಕೋಶಗಳು ಅಯೋಡಿನ್ ಹೀರಿಕೊಳ್ಳುವುದೇ ಇಲ್ಲ. ಇದರಲ್ಲೂ ಅತ್ಯಂತ ಉಗ್ರವಾದುದು ಎಂಇಎನ್-2ಬಿ ಎಂಬ ಆನುವಂಶಿಕ ಕಾಯಿಲೆಯ ಅಂಗವಾಗಿ ಬರುವಂಥದು.

ರೆಟ್ ವಂಶವಾಹಿಯ 918ನೇ ಕೋಡಾನ್‌ನಲ್ಲಿ ಮೆಥಿಯೊನಿನ್ ಎಂಬ ಅಮೈನೊ ಆಮ್ಲ ಇರಬೇಕಾದಲ್ಲಿ ಥ್ರಿಯೊನಿನ್ ಬರುವುದೇ ಸುಮಾರು ಶೇ. 95ರಷ್ಟು ಎಂಇಎನ್-2ಬಿ ರೋಗಿಗಳಲ್ಲಿ ಕಾಯಿಲೆಯ ಮೂಲ. ಇದು ಪತ್ತೆಯಾದದ್ದು 1994ರಲ್ಲಿ. ಹೊರಗಿನ ಸಂಕೇತ ಬಂದಾಗ ಮಾತ್ರ ಚುರುಕಾಗಬೇಕಾದ ರೆಟ್ ಪ್ರೋಟೀನು ಸದಾ ಚುರುಕಾಗಿಯೇ ಉಳಿದು ಕೋಶವನ್ನು ವಿಭಜನೆಗೆ ದೂಡುತ್ತದೆ. ಹೆಚ್ಚಿನ ಮಕ್ಕಳಲ್ಲಿ ಈ ಬದಲಾವಣೆ ಹೊಸದಾಗಿ ಉಂಟಾದದ್ದು, ತಂದೆತಾಯಿಯರಲ್ಲಿ ಇರುವುದಿಲ್ಲ. ಹಾಗಾಗಿ ಮನೆತನದ ರೋಗಚರಿತ್ರೆ ಕೇಳಿ ಈ ಮಗುವನ್ನು ಗುರುತಿಸಲಾಗದು.

ಗುರುತಿಸಬೇಕಾದದ್ದು ಮಗುವಿನ ದೇಹವನ್ನು ನೋಡಿಯೇ. ಕರುಳಿನ ನರಜಾಲ ರೂಪುಗೊಳ್ಳಲೂ ರೆಟ್ ಬೇಕು. ಅದರ ಚಟುವಟಿಕೆ ಕುಂದಿದರೆ, ಕರುಳಿನ ಒಂದು ಭಾಗದಲ್ಲಿ ನರಕೋಶಗಳೇ ಇಲ್ಲದ ಹಿರ್ಷ್‌ಸ್ಪ್ರಂಗ್ ಕಾಯಿಲೆ ಬರಬಹುದು. ಎಂಇಎನ್-2ಬಿಯಲ್ಲಿ ಚಟುವಟಿಕೆ ಮಿತಿಮೀರಿ ಕರುಳಿನ ನರಗಳು ಗಂಟುಗಟ್ಟುತ್ತವೆ. ಹಸುಗೂಸಿನಲ್ಲೇ ಹಟಮಾರಿ ಮಲಬದ್ಧತೆ, ಹೊಟ್ಟೆಯುಬ್ಬರ ಕಾಣಿಸಿಕೊಳ್ಳುತ್ತವೆ. ಮಗು ಅತ್ತರೂ ಕಣ್ಣೀರು ಬರುವುದಿಲ್ಲ. ತುಟಿ ದಪ್ಪಗಾಗಿ, ನಾಲಿಗೆಯ ತುದಿಯಲ್ಲಿ ಸಣ್ಣ ಗಂಟುಗಳು ಮೂಡುತ್ತವೆ. ಬೆಳೆದಂತೆ ಕೈಕಾಲು ನೀಳವಾಗುತ್ತವೆ. ನನ್ನ ದೃಷ್ಟಿಯಲ್ಲಿ ಇವುಗಳಲ್ಲಿ ಅತಿ ಬೆಲೆಬಾಳುವ ಸುಳಿವು ಕಣ್ಣೀರಿಲ್ಲದ ಅಳು, ಏಕೆಂದರೆ ಅದನ್ನು ಮೊದಲು ಕಾಣುವವಳು ತಾಯಿ. ಅವಳ ಮಾತನ್ನು ವೈದ್ಯರು ಬರೆದಿಟ್ಟುಕೊಳ್ಳಬೇಕು.

ಕುತ್ತಿಗೆಯಲ್ಲಿ ಗಂಟು ಕೈಗೆ ಸಿಗುವ ಹೊತ್ತಿಗೆ ರೋಗ ಸಾಮಾನ್ಯವಾಗಿ ದುಗ್ಧಗ್ರಂಥಿಗಳನ್ನು ತಲುಪಿರುತ್ತದೆ. ಆದ್ದರಿಂದಲೇ ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್‌ನ 2015ರ ಮಾರ್ಗಸೂಚಿ, ರೆಟ್‌ನ ಈ ಬದಲಾವಣೆಯುಳ್ಳ ಮಗುವಿನ ಥೈರಾಯ್ಡನ್ನು ಮೊದಲ ವರ್ಷದಲ್ಲೇ ತೆಗೆಯಲು ಹೇಳುತ್ತದೆ. ಅಷ್ಟು ಎಳೆಯ ಮಗುವಿನಲ್ಲಿ ಥೈರಾಯ್ಡ್‌ಗೆ ಅಂಟಿಕೊಂಡಿರುವ ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳನ್ನು ಉಳಿಸುವುದು ಕಷ್ಟ. ಅನುಭವಿ ಶಸ್ತ್ರವೈದ್ಯರೇ ಬೇಕು. ಹಬ್ಬಿದ ರೋಗಕ್ಕೆ ರೆಟ್ ಪ್ರೋಟೀನನ್ನೇ ತಡೆಯುವ ಸೆಲ್ಪರ್ಕಾಟಿನಿಬ್ ಇದೆ. ಅಮೆರಿಕದಲ್ಲಿ 2020ರಲ್ಲಿ 12 ವರ್ಷ ಮೇಲ್ಪಟ್ಟವರಿಗೆ, 2024ರಲ್ಲಿ 2 ವರ್ಷ ದಾಟಿದ ಮಕ್ಕಳಿಗೂ ಅದಕ್ಕೆ ಅನುಮತಿ ಸಿಕ್ಕಿತು. ಗೆಡ್ಡೆಯನ್ನು ಅದು ಕುಗ್ಗಿಸುತ್ತದೆ, ಆದರೆ ಸಕಾಲದ ಶಸ್ತ್ರಚಿಕಿತ್ಸೆಯ ಸ್ಥಾನವನ್ನು ತುಂಬದು.

ಮಲಬದ್ಧತೆಯ ಜೊತೆಗೆ ಕಣ್ಣೀರಿಲ್ಲದೆ ಅಳುವ ಮಗುವನ್ನು ಕಂಡರೆ ಮಕ್ಕಳ ವೈದ್ಯರು ತುಟಿ, ನಾಲಿಗೆಗಳನ್ನು ಪರೀಕ್ಷಿಸಲಿ. ಸಂಶಯ ಬಂದರೆ ರೆಟ್ ಪರೀಕ್ಷೆಗೆ ರಕ್ತದ ಮಾದರಿಯನ್ನು ಆ ದಿನವೇ ಕಳುಹಿಸಲಿ.