ಮದರಾಸಿನ ಮನೆ, ಮನೆಯಡಿಯ ನೆಲ

1942ರ ಏಪ್ರಿಲ್‌ನಲ್ಲಿ ಮದರಾಸು ಖಾಲಿಯಾಗತೊಡಗಿತು. 5ನೇ ತಾರೀಖು ಜಪಾನಿ ವಿಮಾನಗಳು ಕೊಲಂಬೊ ಮೇಲೆ ಬಾಂಬು ಹಾಕಿದ್ದವು. ಮರುದಿನ ವಿಶಾಖಪಟ್ಟಣ ಮತ್ತು ಕಾಕಿನಾಡದ ಸರದಿ. ಮುಂದಿನದು ಮದರಾಸೇ ಎಂದು ಜನ ನಂಬಿದರು, ಸರ್ಕಾರವೂ ನಂಬಿತು. ಇರಲೇಬೇಕಾದ ಕೆಲಸವಿಲ್ಲದವರು ಊರು ಬಿಡುವುದು ಒಳ್ಳೆಯದೆಂಬ ಸೂಚನೆ ಹೊರಟಿತು. ಹೈಕೋರ್ಟು ಕೊಯಮತ್ತೂರಿಗೆ ಹೋಯಿತು, ಸರ್ಕಾರಿ ಕಚೇರಿಗಳು ಒಳನಾಡಿನ ಊರುಗಳಿಗೆ ಹಂಚಿಹೋದವು. ಬಾಂಬು ಬಿದ್ದು ಬೋನು ಮುರಿದರೆ ಗತಿಯೇನೆಂದು ಮೃಗಾಲಯದ ಕ್ರೂರಪ್ರಾಣಿಗಳನ್ನು ಗುಂಡಿಟ್ಟು ಕೊಂದರು.

ಹೊತ್ತುಕೊಂಡು ಹೋಗಲಾಗದ ಆಸ್ತಿಯೆಂದರೆ ಮನೆ. ಅದನ್ನು ಬೀಗ ಹಾಕಿ ಬಿಟ್ಟುಹೋದವರು ಹಲವರು, ಸಿಕ್ಕ ಬೆಲೆಗೆ ಮಾರಿದವರೂ ಹಲವರು. ಕೈಯಲ್ಲಿ ರೊಕ್ಕ, ಎದೆಯಲ್ಲಿ ಸ್ವಲ್ಪ ಧೈರ್ಯ ಇದ್ದವರು ಆ ತಿಂಗಳುಗಳಲ್ಲಿ ಕೊಂಡರು. ಜಪಾನಿ ವಿಮಾನ ಮದರಾಸಿಗೆ ಬಂದದ್ದು ಒಂದೇ ಸಲ, 1943ರ ಅಕ್ಟೋಬರ್‌ನಲ್ಲಿ. ಒಂಟಿ ವಿಮಾನ ಬಂದರಿನ ಆಸುಪಾಸಿನಲ್ಲಿ ಕೆಲವು ಬಾಂಬು ಉದುರಿಸಿ ಹೋಯಿತು. ಅಷ್ಟರಲ್ಲಿ ಓಡಿಹೋಗಿದ್ದವರಲ್ಲಿ ಬಹಳ ಮಂದಿ ಮರಳಿದ್ದರು. ಮನೆ ಮಾರಿದ್ದವರು ಮಾತ್ರ ಬಾಡಿಗೆಗೆ ಹುಡುಕಬೇಕಾಯಿತು.

ಅಗ್ಗದಲ್ಲಿ ಮನೆ ಕೊಂಡು, ರಿಪೇರಿ ಮಾಡಿಸಿ, ಬೇಗನೆ ಹೆಚ್ಚಿನ ಬೆಲೆಗೆ ಮಾರುವುದಕ್ಕೆ ಇಂದು ‘ಫ್ಲಿಪ್ಪಿಂಗ್’ ಎನ್ನುತ್ತಾರೆ. ಸುಣ್ಣಬಣ್ಣದಿಂದ, ಹೊಸ ಅಡುಗೆಮನೆಯಿಂದ ಲಾಭ ಹುಟ್ಟುತ್ತದೆಂಬುದು ಅದರ ಹಿಂದಿನ ನಂಬಿಕೆ. ಆದರೆ ಚೆನ್ನೈನ ಇನ್ನೂರೈವತ್ತು ವರ್ಷಗಳ ಚರಿತ್ರೆಯಲ್ಲಿ ಮನೆಯ ಮೇಲಿನ ದೊಡ್ಡ ಲಾಭಗಳು ಹೆಚ್ಚಾಗಿ ಹುಟ್ಟಿದ್ದು ಬೇರೆ ಎರಡು ಕಡೆ: ಮಾರುವವನ ಅವಸರದಲ್ಲಿ, ಮತ್ತು ಮನೆಯಡಿಯ ನೆಲವನ್ನು ಇನ್ನೇನಕ್ಕೆ ಬಳಸಬಹುದು ಎಂಬ ಲೆಕ್ಕದಲ್ಲಿ.

ಅವಸರದ ಕಥೆಯ ಆರಂಭದಲ್ಲಿ ಮೈಸೂರೇ ಇದೆ. ಕಂಪನಿಯ ಅಧಿಕಾರಿಗಳು, ವರ್ತಕರು ಕೋಟೆಯ ಇಕ್ಕಟ್ಟು ಬಿಟ್ಟು ಹೊರಗೆ ತೋಟದ ನಡುವೆ ಮನೆ ಕಟ್ಟಿಕೊಳ್ಳತೊಡಗಿದ್ದರು. 1769ರಲ್ಲಿ ಹೈದರಾಲಿಯ ಕುದುರೆ ಸವಾರರು ನಗರದ ಅಂಚಿಗೇ ಬಂದು ನಿಂತರು. ಕಂಪನಿ ಅವನ ಜೊತೆ ಒಪ್ಪಂದಕ್ಕೆ ಸಹಿ ಹಾಕಿತು. 1780ರಲ್ಲಿ ಸವಾರರು ಮತ್ತೆ ಬಂದಾಗ ಹೊರವಲಯದವರು ಕೋಟೆಯೊಳಕ್ಕೆ ಓಡಿದರು. ತೋಟದ ಮನೆಯ ಬೆಲೆ ಮೈಸೂರಿನ ಸೈನ್ಯ ಎಷ್ಟು ಮೈಲಿ ದೂರದಲ್ಲಿದೆ ಎಂಬುದನ್ನು ನೆಚ್ಚಿಕೊಂಡಿದ್ದ ಕಾಲ ಅದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಭಯ ಮುಗಿಯಿತು. ನುಂಗಂಬಾಕ್ಕಂ, ಎಗ್ಮೋರ್, ಅಡ್ಯಾರ್ ಕಡೆಗೆ ತೋಟದ ಮನೆಗಳು ಹರಡಿಕೊಂಡವು.

ಮುಂದಿನ ಪೆಟ್ಟು ಸೈನ್ಯದಿಂದ ಬರಲಿಲ್ಲ. 1906ರ ಅಕ್ಟೋಬರ್‌ನಲ್ಲಿ ಅರ್ಬತ್ನಾಟ್ ಕಂಪನಿ ದಿವಾಳಿಯಾಯಿತು. ಸಾವಿರಾರು ಮಂದಿಯ ಠೇವಣಿ ಮುಳುಗಿತು. ದೇಶೀಯರದೇ ಬ್ಯಾಂಕು ಬೇಕೆಂದು ವಕೀಲ ವಿ. ಕೃಷ್ಣಸ್ವಾಮಿ ಅಯ್ಯರ್ ಮುಂತಾದವರು ಮರುವರ್ಷವೇ ಇಂಡಿಯನ್ ಬ್ಯಾಂಕ್ ಆರಂಭಿಸಿದರು. ಬಂಗಲೆಗಳ ಒಡೆತನವೂ ಆ ದಶಕಗಳಲ್ಲಿ ಯುರೋಪಿಯನ್ನರ ಕೈಯಿಂದ ಭಾರತೀಯ ವಕೀಲರು, ವರ್ತಕರು, ಜಮೀನ್ದಾರರ ಕೈಗೆ ಜಾರುತ್ತಿತ್ತು. ಒಬ್ಬರಿಗೆ ಅದು ಊರು ಬಿಡುವ ಹೊತ್ತು, ಇನ್ನೊಬ್ಬರಿಗೆ ಊರಲ್ಲಿ ನೆಲೆಯೂರುವ ಹೊತ್ತು.

ನೆಲದ ಲೆಕ್ಕಕ್ಕೆ ಎರಡು ಉದಾಹರಣೆ ಸಾಕು. ಮೌಂಟ್ ರೋಡಿನ ‘ಸ್ಪ್ರಿಂಗ್ ಗಾರ್ಡನ್ಸ್’ ಎಂಬ ಹಳೆಯ ತೋಟದ ಆವರಣದಲ್ಲಿ ನಿರ್ದೇಶಕ ಕೆ. ಸುಬ್ರಹ್ಮಣ್ಯಂ ಅವರ ಸ್ಟುಡಿಯೊ ಇತ್ತು. ಅದು ಬೆಂಕಿಗೆ ಸಿಕ್ಕಿ ಹರಾಜಿಗೆ ಬಂದಾಗ, 1941ರಲ್ಲಿ, ಎಸ್.ಎಸ್. ವಾಸನ್ ಸುಮಾರು 86 ಸಾವಿರ ರೂಪಾಯಿಗೆ ಕೊಂಡರು. ಅದೇ ಜೆಮಿನಿ ಸ್ಟುಡಿಯೊ. ಮೂರು ದಶಕ ಅಲ್ಲಿ ಸಿನಿಮಾ ತಯಾರಾದವು. ಸ್ಟುಡಿಯೊ ಕಾಲ ಮುಗಿದ ಮೇಲೆ ಅದೇ ನೆಲದಲ್ಲಿ ವಾಣಿಜ್ಯ ಸಂಕೀರ್ಣ, ಫ್ಲ್ಯಾಟುಗಳು, ತಾರಾ ಹೋಟೆಲು ಎದ್ದವು. ತೋಟ, ಸ್ಟುಡಿಯೊ, ಫ್ಲ್ಯಾಟು: ಪ್ರತಿ ಸಲವೂ ನೆಲದ ಬೆಲೆ ಏರಿತು, ಹಿಂದಿನ ಕಟ್ಟಡ ಬಿತ್ತು.

ಇನ್ನೊಂದು ಉದಾಹರಣೆ ಕನ್ನಡ ಜಿಲ್ಲೆಯವರದು. ದಕ್ಷಿಣ ಕನ್ನಡದ ಕಡಂದಲೆಯಿಂದ ಬರಿಗೈಯಲ್ಲಿ ಹೊರಟು, ಹೋಟೆಲಿನ ಅಡುಗೆಮನೆಯಲ್ಲಿ ರುಬ್ಬುವ ಕೆಲಸದಿಂದ ಮೇಲೆ ಬಂದ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯ ಒಂದು ಬಂಗಲೆಯನ್ನು ರಾಮನಾಡಿನ ಜಮೀನ್ದಾರರಿಂದ ಭೋಗ್ಯಕ್ಕೆ ಹಿಡಿದರು. ಬಂಗಲೆಯ ಹೆಸರು ವುಡ್‌ಲ್ಯಾಂಡ್ಸ್. ಸಾಕಲು ಕಷ್ಟವಾಗಿದ್ದ ದೊಡ್ಡ ಮನೆಯ ಕೋಣೆಗಳು ವಸತಿಗೃಹವಾದವು, ಅಂಗಳ ಹೋಟೆಲಾಯಿತು. ಭೋಗ್ಯ ಮುಗಿದಾಗ ನೆಲ ಒಡೆಯನಲ್ಲೇ ಉಳಿಯಿತು. ಹೆಸರನ್ನು ರಾಯರು ಜೊತೆಗೊಯ್ದು ಮೈಲಾಪುರದಲ್ಲಿ ನ್ಯೂ ವುಡ್‌ಲ್ಯಾಂಡ್ಸ್ ತೆರೆದರು. 1962ರಲ್ಲಿ ಸರ್ಕಾರಿ ಜಾಗದಲ್ಲಿ ಆರಂಭವಾದ ಡ್ರೈವ್-ಇನ್ ವುಡ್‌ಲ್ಯಾಂಡ್ಸ್ 2008ರಲ್ಲಿ ಮುಚ್ಚಿತು. ಅಲ್ಲಿ ಈಗ ಸೆಮ್ಮೊಳಿ ಉದ್ಯಾನವಿದೆ. ಮನೆಯನ್ನು ಮಾರದೆ, ಅದರ ಬಳಕೆಯನ್ನು ಬದಲಿಸಿ ದುಡಿದ ಅಪರೂಪದ ದಾರಿ ಇದು. ಆದರೂ ಜಾಗ ಯಾರದೋ ಅವರದೇ ಕೊನೆಯ ಮಾತಾಯಿತು.

1970ರ ದಶಕದ ನಂತರ ನೆಲದ ಲೆಕ್ಕವನ್ನು ಬರೆದದ್ದು ಕಾನೂನು. 1978ರ ತಮಿಳುನಾಡು ನಗರ ಭೂಮಿತಿ ಕಾಯ್ದೆಯಿಂದ ವಿಸ್ತಾರವಾದ ಖಾಲಿ ಜಾಗ ಇಟ್ಟುಕೊಳ್ಳುವುದೇ ಅಪಾಯವಾಯಿತು. ಅದು ರದ್ದಾದದ್ದು 1999ರಲ್ಲಿ. ಈ ನಡುವೆ ‘ಜಂಟಿ ಅಭಿವೃದ್ಧಿ’ ಬೇರೂರಿತು: ಮನೆಯೊಡೆಯ ನೆಲ ಕೊಡುತ್ತಾನೆ, ಬಿಲ್ಡರ್ ಹಣ ಹಾಕುತ್ತಾನೆ, ಎದ್ದ ಫ್ಲ್ಯಾಟುಗಳನ್ನು ಹಂಚಿಕೊಳ್ಳುತ್ತಾರೆ. ಚೆನ್ನೈನಲ್ಲಿ ಜಾಗವನ್ನು ಅಳೆಯುವುದು ‘ಗ್ರೌಂಡ್’ ಲೆಕ್ಕದಲ್ಲಿ. ಒಂದು ಗ್ರೌಂಡ್ ಎಂದರೆ 2,400 ಚದರ ಅಡಿ. ನೆಲದ ಒಂದೂವರೆ ಪಟ್ಟು ಕಟ್ಟಬಹುದೆಂಬ ನಿಯಮವಿದ್ದಾಗ ಅದರ ಮೇಲೆ 3,600 ಚದರ ಅಡಿ ಏಳುತ್ತಿತ್ತು. 2019ರ ಕಟ್ಟಡ ನಿಯಮಗಳು ಸಾಮಾನ್ಯ ಕಟ್ಟಡಗಳಿಗೆ ಎರಡು ಪಟ್ಟು ಎಂದ ಮೇಲೆ 4,800. ಒಂದು ಇಟ್ಟಿಗೆ ಕದಲದೆ 1,200 ಚದರ ಅಡಿ ಹುಟ್ಟಿಕೊಂಡಿತು. ಈ ಲೆಕ್ಕ ತಿಳಿಯದೆ ಹಳೆಯ ಮನೆಯನ್ನು ‘ಮನೆಯ ಬೆಲೆಗೆ’ ಮಾರಿದವರು ಅಷ್ಟನ್ನೂ ಬಿಟ್ಟುಕೊಟ್ಟಂತೆ.

ಬೇಗ ಕೊಂಡು ಬೇಗ ಮಾರುವವರ ಪಾಡು ಬೇರೆ. 2023ರಿಂದ ತಮಿಳುನಾಡಿನಲ್ಲಿ ಮನೆ ಕೊಂಡರೆ ಮುದ್ರಾಂಕ ಶುಲ್ಕ ಶೇಕಡಾ 7, ನೋಂದಣಿ ಶೇಕಡಾ 2. 60 ಲಕ್ಷದ ಮನೆಗೆ ಬಣ್ಣದ ಬ್ರಷ್ಷು ಮುಟ್ಟಿಸುವ ಮೊದಲೇ 5 ಲಕ್ಷ 40 ಸಾವಿರ ಹೋಗುತ್ತದೆ, ದಲ್ಲಾಳಿಯದು ಬೇರೆ. ಎರಡು ವರ್ಷದೊಳಗೆ ಮಾರಿದರೆ ಲಾಭವು ಆದಾಯಕ್ಕೆ ಸೇರಿ ತೆರಿಗೆ ಬೀಳುತ್ತದೆ. ಇದನ್ನು ತಪ್ಪಿಸಲು ಒಂದು ಅಡ್ಡದಾರಿ ಇತ್ತು: ಮುಂಗಡ ಕೊಟ್ಟು ಕರಾರು ಬರೆಸಿ, ಅಧಿಕಾರ ಪತ್ರ ಪಡೆದು, ತನ್ನ ಹೆಸರಿಗೆ ನೋಂದಾಯಿಸದೆಯೇ ಮೂರನೆಯವರಿಗೆ ದಾಟಿಸುವುದು. ಅಂಥ ಪತ್ರದಿಂದ ಒಡೆತನ ವರ್ಗಾವಣೆಯಾಗದು ಎಂದು ಸುಪ್ರೀಂ ಕೋರ್ಟು 2011ರಲ್ಲಿ, ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿತು. ಹಾಗಾಗಿ ಪೈಪೋಟಿಯ ಮಾರುಕಟ್ಟೆಯಲ್ಲಿ ಲಾಭದ ಮನೆ ಹುಡುಕುವವರು ಇಂದಿಗೂ ನೋಡುವುದು ಗೋಡೆಯನ್ನಲ್ಲ, ಮಾರುವವರ ತೊಂದರೆಯನ್ನು: ಬ್ಯಾಂಕಿನ ಹರಾಜು, ಪಾಲಿನ ಜಗಳ, ವಿದೇಶದಲ್ಲಿ ನೆಲೆಸಿದ ಮಕ್ಕಳು.

ತಮಿಳಿನಲ್ಲಿ ಆಸ್ತಿಯ ಋಣಭಾರಕ್ಕೆ ‘ವಿಲ್ಲಂಗಂ’ ಎನ್ನುತ್ತಾರೆ. ದಿನಬಳಕೆಯಲ್ಲಿ ಅದೇ ಪದಕ್ಕೆ ತಂಟೆ, ತೊಡಕು ಎಂಬ ಅರ್ಥ. ಕೊಳ್ಳುವವರು ಮೊದಲು ತೆಗೆಸುವುದು ವಿಲ್ಲಂಗ ಪ್ರಮಾಣಪತ್ರವನ್ನೇ. ಹಿಂದಿನ ಅಡಮಾನ, ಮಾರಾಟಗಳು ಅದರಲ್ಲಿ ಸಾಲಾಗಿ ಬರುತ್ತವೆ. ಎಲ್ಲ ತೊಡಕೂ ಬರುವುದಿಲ್ಲ. ಇಂದಿನ ಟಿ. ನಗರ, ಅಂದರೆ ತ್ಯಾಗರಾಯ ನಗರ, 1920ರ ದಶಕದಲ್ಲಿ ಜಸ್ಟಿಸ್ ಪಕ್ಷದ ಸರ್ಕಾರ ಮಾಂಬಲದ ದೊಡ್ಡ ಕೆರೆಯನ್ನು ಬತ್ತಿಸಿ ನಿವೇಶನ ಮಾಡಿದ ಬಡಾವಣೆ. ಅಲ್ಲಿ ಸೈಟು ಹಿಡಿದವರ ಮೊಮ್ಮಕ್ಕಳಿಗೆ ಆ ನೆಲ ಚಿನ್ನವಾಯಿತು. ಆಮೇಲೆ ದಕ್ಷಿಣಕ್ಕೆ ವೇಳಚೇರಿ, ಪಳ್ಳಿಕರಣೈ ಕಡೆಗೂ ಕೆರೆ, ಜವುಗಿನ ಅಂಚುಗಳಲ್ಲಿ ಮನೆಗಳು ಎದ್ದು ಕೈಯಿಂದ ಕೈಗೆ ದಾಟಿದವು. 2015ರ ಡಿಸೆಂಬರಿನಲ್ಲಿ ನೀರು ಹಳೆಯ ದಾರಿ ಹುಡುಕಿಕೊಂಡು ಬಂದಾಗ ಆ ಮನೆಗಳಲ್ಲಿದ್ದವರು ಮೊದಲು ಅಗ್ಗದಲ್ಲಿ ಕೊಂಡವರಲ್ಲ, ಕೊನೆಯಲ್ಲಿ ಪೂರ್ತಿ ಬೆಲೆ ಕೊಟ್ಟವರು.

ಪಶ್ಚಿಮ ಮಾಂಬಲದಲ್ಲಿ ಲೇಕ್ ವ್ಯೂ ರೋಡ್ ಎಂಬ ರಸ್ತೆ ಈಗಲೂ ಇದೆ. ಅಲ್ಲಿ ನಿಂತರೆ ಯಾವ ಕೆರೆಯೂ ಕಾಣುವುದಿಲ್ಲ.