ಘಾನಾದಲ್ಲಿ ಕರೆಂಟ್ ಹೋಗಿದ್ದೇ ಪುಣ್ಯ!

ವೀಕ್ಷಕರೇ, 2017ರ ಜೂನ್ 27. ಮರುದಿನ ಉಕ್ರೇನ್‌ನಲ್ಲಿ ಸಂವಿಧಾನ ದಿನದ ರಜೆ. ಅವತ್ತು ಅಲ್ಲಿನ ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಕಚೇರಿಗಳ ಕಂಪ್ಯೂಟರ್‌ಗಳು ಒಂದರ ಹಿಂದೊಂದು ಕೈಕೊಟ್ಟವು. ಪರದೆ ಮೇಲೆ ಒಂದೇ ಬೇಡಿಕೆ: 300 ಡಾಲರ್ ಬೆಲೆಯ ಬಿಟ್‌ಕಾಯಿನ್ ಕೊಡಿ, ಫೈಲ್ ವಾಪಸ್ ತಗೊಳ್ಳಿ. ದುಡ್ಡು ಕೊಟ್ಟರೂ ಫೈಲ್ ಬರುತ್ತಿರಲಿಲ್ಲ! ಸುಲಿಗೆ ಬರೀ ವೇಷ. ಅಸಲಿ ಉದ್ದೇಶ ಸರ್ವನಾಶ. ಈ ವೈರಸ್‌ನ ಹೆಸರು ನಾಟ್‌ಪೆಟ್ಯಾ.

ಕಳ್ಳ ಒಳಗೆ ಬಂದಿದ್ದು ಹೇಗೆ? ಬಾಗಿಲು ಒಡೆದಲ್ಲ. ಉಕ್ರೇನ್‌ನ ಕಂಪನಿಗಳು ತೆರಿಗೆ ಲೆಕ್ಕಕ್ಕೆ ಎಂ.ಇ.ಡಾಕ್ ಅನ್ನೋ ಸಾಫ್ಟ್‌ವೇರ್ ಬಳಸುತ್ತಿದ್ದವು. ನಮ್ಮಲ್ಲಿ ಅಂಗಡಿ-ಕಚೇರಿಗಳಲ್ಲಿ ಟ್ಯಾಲಿ ಇರುತ್ತಲ್ಲ, ಹಾಗೆ. ದಾಳಿಕೋರರು ಅದರ ಅಪ್‌ಡೇಟ್ ಸರ್ವರ್‌ಗೇ ನುಗ್ಗಿದ್ದರು. ತಿಂಗಳುಗಳ ಮುಂಚೆಯೇ ಅಪ್‌ಡೇಟ್‌ನೊಳಗೆ ಒಂದು ಕಳ್ಳದಾರಿ ಇಟ್ಟಿದ್ದರು.

ಸಿಂಪಲ್ಲಾಗಿ ಹೇಳ್ತೀನಿ. ನಿಮ್ಮ ಮನೆಗೆ ಮೂರು ಬೀಗ, ಸಿಸಿಟಿವಿ, ವಾಚ್‌ಮನ್ ಎಲ್ಲ ಇದೆ. ಆದರೆ ಬೆಳಗ್ಗೆ ಬರುವ ಹಾಲಿನ ಪ್ಯಾಕೆಟ್‌ಗೆ ಡೈರಿಯಲ್ಲೇ ವಿಷ ಬೆರೆಸಿದ್ದರೆ? ಬಾಗಿಲು ತೆಗೆದು ಒಳಗೆ ತಗೊಳ್ಳೋರು ನೀವೇ. ಡಿಜಿಟಲ್ ಸಪ್ಲೈ ಚೈನ್ ದಾಳಿ ಅಂದರೆ ಇಷ್ಟೇ.

ಈ ವಿಷ ಉಕ್ರೇನ್ ಗಡಿಯಲ್ಲಿ ನಿಲ್ಲಲಿಲ್ಲ. ಡೆನ್ಮಾರ್ಕ್‌ನ ಹಡಗು ಕಂಪನಿ ಮೇರ್ಸ್ಕ್‌ನ ಜಗತ್ತಿನಾದ್ಯಂತದ ಕಂಪ್ಯೂಟರ್‌ಗಳು ಮಲಗಿದವು. ನಮ್ಮ ಮುಂಬೈ ಪಕ್ಕದ ಜೆಎನ್‌ಪಿಟಿ ಬಂದರಿನ ಒಂದು ಟರ್ಮಿನಲ್ ಕೂಡ ಸ್ತಬ್ಧವಾಯಿತು. ಯಾವ ಕಂಟೇನರ್‌ನಲ್ಲಿ ಏನಿದೆ, ಎಲ್ಲಿಗೆ ಹೋಗಬೇಕು, ಯಾರಿಗೂ ಗೊತ್ತಿಲ್ಲ.

ಕಂಪನಿಯ ಇಡೀ ನೆಟ್‌ವರ್ಕ್‌ನ ನಕ್ಷೆ ಸುಮಾರು 150 ಸರ್ವರ್‌ಗಳಲ್ಲಿತ್ತು. ಒಂದು ಹಾಳಾದರೆ ಇನ್ನೊಂದು ಇದೆ ಅನ್ನೋ ಧೈರ್ಯ. ಎಲ್ಲವೂ ಒಟ್ಟಿಗೇ ಅಳಿಸಿಹೋದವು. ಉಳಿದಿದ್ದು ಒಂದೇ, ಆಫ್ರಿಕಾದ ಘಾನಾದಲ್ಲಿ. ಯಾಕೆ ಗೊತ್ತಾ? ವೈರಸ್ ಬರುವ ಮುಂಚೆ ಅಲ್ಲಿ ಕರೆಂಟ್ ಹೋಗಿತ್ತು! ಅದರ ಹಾರ್ಡ್‌ಡಿಸ್ಕನ್ನು ನೈಜೀರಿಯಾ ಮಾರ್ಗವಾಗಿ, ಕೈಯಿಂದ ಕೈಗೆ ದಾಟಿಸಿ ಇಂಗ್ಲೆಂಡ್‌ಗೆ ತಂದರು. ಹತ್ತು ದಿನದಲ್ಲಿ 4,000 ಸರ್ವರ್, 45,000 ಪಿಸಿಗಳನ್ನು ಹೊಸದಾಗಿ ಕಟ್ಟಿದರು.

ಒಟ್ಟು ನಷ್ಟ 1,000 ಕೋಟಿ ಡಾಲರ್‌ಗೂ ಹೆಚ್ಚು ಅಂತ ಅಮೆರಿಕದ ಅಂದಾಜು. 2018ರಲ್ಲಿ ಅಮೆರಿಕ, ಬ್ರಿಟನ್ ಎರಡೂ ರಷ್ಯಾ ಸೇನೆಯತ್ತ ಬೊಟ್ಟು ಮಾಡಿದವು. ರಷ್ಯಾ ಅಲ್ಲಗಳೆಯಿತು.

ಹಾಗಾದರೆ ಅಪ್‌ಡೇಟ್ ಮಾಡೋದೇ ನಿಲ್ಲಿಸೋಣವಾ? ಖಂಡಿತ ಬೇಡ. ಈ ವೈರಸ್ ಹಬ್ಬಲು ಬಳಸಿದ ಒಂದು ವಿಂಡೋಸ್ ತೂತಿಗೆ ಮೈಕ್ರೋಸಾಫ್ಟ್ ಆ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ಹಾಕಿಕೊಳ್ಳದವರು ಹೆಚ್ಚು ಸುಲಭವಾಗಿ ಸಿಕ್ಕಿಬಿದ್ದರು. ಹಾಲು ಬಿಡೋದಲ್ಲ ಪರಿಹಾರ, ಡೈರಿಯನ್ನು ಪ್ರಶ್ನಿಸೋದು. ಸಾಫ್ಟ್‌ವೇರ್ ಮಾರುವವನು ತನ್ನ ಸರ್ವರನ್ನು ಹೇಗೆ ಕಾಯ್ತಾನೆ ಅಂತ ಕೇಳಿ. ಲೆಕ್ಕದ ಕಂಪ್ಯೂಟರನ್ನು ಉಳಿದವುಗಳಿಂದ ದೂರ ಇಡಿ. ಒಂದು ಬ್ಯಾಕಪ್ ಯಾವ ನೆಟ್‌ವರ್ಕ್‌ಗೂ ಸೇರದೆ ಬೀರುವಿನಲ್ಲಿರಲಿ.

ಪ್ರತಿ ಸಲವೂ ಸರಿಯಾದ ಹೊತ್ತಿಗೆ ಕರೆಂಟ್ ಹೋಗಲ್ಲ.